ತಾಮ್ರದ ಫಾಯಿಲ್ ಮೇಲೆ ಬೆಳೆಸಿದ ಗ್ರಾಫೀನ್: ರಾಮನ್‌ನಲ್ಲಿ ಡಿ ಪೀಕ್ (ದೋಷದ ಗುರುತು) ದೊಡ್ಡದು, ಅಲ್ಲಲ್ಲಿ ತೂತು. ದೋಷ ಬೆಳವಣಿಗೆಯದೋ ವರ್ಗಾವಣೆಯದೋ?

ಬಿಸಿನಳಿಗೆ

ಸಿವಿಡಿ ವಿಧಾನದಲ್ಲಿ (ಬಿಸಿ ಅನಿಲದಿಂದ ಪದರ ಬೆಳೆಸುವುದು) ಏಕಪದರ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಬೇಕಾಗಿದೆ. ಈಗಿನ ಕ್ರಮ ಇದು: 25 ಮೈಕ್ರಾನ್ ತಾಮ್ರದ ಫಾಯಿಲ್ (99.8%), ಆಸಿಟೋನ್ ಮತ್ತು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದದ್ದು. ಕ್ವಾರ್ಟ್ಜ್ ಟ್ಯೂಬ್, ರೋಟರಿ ಪಂಪ್. 20 ಎಸ್‌ಸಿಸಿಎಂ (ನಿಮಿಷಕ್ಕೆ ಇಷ್ಟು ಘನ ಸೆಂ.ಮೀ. ಅನಿಲ) ಜಲಜನಕದಲ್ಲಿ 1000 °ಸೆ.ಗೆ ಏರಿಸಿ 30 ನಿಮಿಷ ಅನೀಲಿಂಗ್ (ಬಿಸಿಯಲ್ಲಿಟ್ಟು ಹದ ಮಾಡುವುದು). ನಂತರ 10 ಎಸ್‌ಸಿಸಿಎಂ ಮೀಥೇನ್ ಸೇರಿಸಿ 20 ನಿಮಿಷ ಬೆಳವಣಿಗೆ. ಆಮೇಲೆ ಮೀಥೇನ್ ನಿಲ್ಲಿಸಿ ಜಲಜನಕದಲ್ಲೇ ತಣಿಸುವುದು. ವರ್ಗಾವಣೆಗೆ ಆಧಾರವಾಗಿ ಪಿಎಂಎಂಎ (ಒಂದು ಪ್ಲಾಸ್ಟಿಕ್), ತಾಮ್ರ ಕರಗಿಸಲು ಫೆರಿಕ್ ಕ್ಲೋರೈಡ್, ಕೊನೆಗೆ 300 ನ್ಯಾ.ಮೀ. ಆಕ್ಸೈಡ್ ಇರುವ ಸಿಲಿಕಾನ್ ವೇಫರ್.

532 ನ್ಯಾ.ಮೀ. ಲೇಸರ್‌ನಲ್ಲಿ ರಾಮನ್ (ಚದುರಿದ ಬೆಳಕಿನ ವರ್ಣಪಟಲ; ಜಿ, 2ಡಿ ಗ್ರಾಫೀನಿನ ಸಹಜ ಪೀಕ್‌ಗಳು): ಡಿ/ಜಿ ಅನುಪಾತ ಸುಮಾರು 0.3, 2ಡಿ/ಜಿ 1.3, 2ಡಿ ಅಗಲ 38 ಸೆಂ.ಮೀ.⁻¹. ಸೂಕ್ಷ್ಮದರ್ಶಕದಲ್ಲಿ ಸಣ್ಣ ತೂತುಗಳೂ ಒಂದೇ ದಿಕ್ಕಿನ ಉದ್ದನೆಯ ಸೀಳುಗಳೂ ಕಾಣುತ್ತವೆ. ಎಎಫ್‌ಎಂನಲ್ಲಿ (ಸೂಜಿಮೊನೆಯಿಂದ ಎತ್ತರ ಅಳೆಯುವ ಸೂಕ್ಷ್ಮದರ್ಶಕ) ಅಂಚಿನ ಎತ್ತರ 1.4 ನ್ಯಾ.ಮೀ. ಇದು ಏಕಪದರವೇ? ಡಿ ಪೀಕ್ ಎಲ್ಲಿಂದ ಬರುತ್ತಿದೆ?

ತಾಮ್ರಪರ್ಣ

ಬೆಳವಣಿಗೆ ಮುಗಿದ ಮೇಲೆ ಐದಾರು ಹಂತ ದಾಟಿಸಿ, ಕೊನೆಯಲ್ಲಿ ಮಾತ್ರ ಅಳೆದರೆ ಯಾವ ಹಂತ ಕೆಡಿಸಿತು ಅನ್ನುವುದು ತಿಳಿಯುವುದಿಲ್ಲ. ತಾಮ್ರದ ಮೇಲೆ ಇರುವಾಗಲೇ ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಉತ್ಕರ್ಷಣ ಪರೀಕ್ಷೆ. ಫಾಯಿಲ್‌ನ ಒಂದು ಮೂಲೆ ಕತ್ತರಿಸಿ, ಗಾಳಿಯಲ್ಲೇ ಹಾಟ್‌ಪ್ಲೇಟ್ ಮೇಲೆ 180 °ಸೆ.ನಲ್ಲಿ ಮೂರರಿಂದ ಐದು ನಿಮಿಷ ಇಡಿ. ಗ್ರಾಫೀನ್ ಹೊದ್ದ ತಾಮ್ರ ಹೊಳಪು ಉಳಿಸಿಕೊಳ್ಳುತ್ತದೆ. ಬರಿಯ ತಾಮ್ರ ಕೆಂಪು-ಕಿತ್ತಳೆಗೆ ತಿರುಗುತ್ತದೆ. ತೂತು ಬೆಳವಣಿಗೆಯಲ್ಲೇ ಇದ್ದರೆ ಆಪ್ಟಿಕಲ್ ಸೂಕ್ಷ್ಮದರ್ಶಕದಲ್ಲಿ ಕೆಂಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬಹಳ ಹೊತ್ತು ಇಟ್ಟರೆ ಗ್ರಾಫೀನಿನ ಹರಳು ಕಣಗಳ ಗಡಿಯ ಮೂಲಕ ಆಮ್ಲಜನಕ ನುಸುಳಿ ಗಡಿಗಳೂ ಬಣ್ಣ ಪಡೆಯುತ್ತವೆ. ಅದು ಕಣಗಳ ಗಾತ್ರ ನೋಡಲು ಒಳ್ಳೆಯದೇ, ಆದರೆ ಅದನ್ನು ತೂತು ಎಂದು ಓದಬೇಡಿ. ಪರೀಕ್ಷೆಗೆ ಒಳಪಟ್ಟ ತುಂಡನ್ನು ಮತ್ತೆ ಬಳಸುವ ಹಾಗಿಲ್ಲ.

ಎರಡನೆಯದು ತಾಮ್ರದ ಮೇಲೇ ರಾಮನ್. ಇಲ್ಲಿ 532 ಸರಿಹೋಗುವುದಿಲ್ಲ. ಆ ಲೇಸರ್‌ಗೆ ಜಿ ಪೀಕ್ 581 ನ್ಯಾ.ಮೀ., 2ಡಿ ಪೀಕ್ 620 ನ್ಯಾ.ಮೀ. ಸುತ್ತ ಬೀಳುತ್ತವೆ, ತಾಮ್ರದ ಸ್ವಂತ ಹೊಳಪು ದಟ್ಟವಾಗಿರುವುದೂ ಅದೇ ಭಾಗದಲ್ಲಿ. 457 ಅಥವಾ 488 ನ್ಯಾ.ಮೀ. ಲೇಸರ್ ಸಿಕ್ಕರೆ ಹಿನ್ನೆಲೆ ಎಷ್ಟೋ ಕಡಿಮೆ. ಅಲ್ಲಿ ಡಿ ಇಲ್ಲ, ವರ್ಗಾವಣೆ ಆದ ಮೇಲೆ ಇದೆ ಅಂದರೆ ಫರ್ನೇಸ್ ಮುಟ್ಟುವ ಅಗತ್ಯವೇ ಇಲ್ಲ.

ಶೂನ್ಯಒತ್ತಡ

ನನಗೆ ಮೊದಲು ಅನುಮಾನ ಬರುವುದು "ಮೀಥೇನ್ ನಿಲ್ಲಿಸಿ ಜಲಜನಕದಲ್ಲೇ ತಣಿಸುವುದು" ಅನ್ನುವ ಸಾಲಿನ ಮೇಲೆ. 1000 °ಸೆ. ಹತ್ತಿರ ತಾಮ್ರದ ಮೇಲಿನ ಗ್ರಾಫೀನನ್ನು ಜಲಜನಕ ಕೊರೆಯುತ್ತದೆ. ಬೆಳವಣಿಗೆ ನಡೆಯುವಾಗ ಮೀಥೇನ್ ಕಟ್ಟುತ್ತಿರುತ್ತದೆ, ಜಲಜನಕ ಕೆಡವುತ್ತಿರುತ್ತದೆ. ಮೀಥೇನ್ ನಿಲ್ಲಿಸಿದರೆ ಕೆಡವುವ ಕೆಲಸ ಮಾತ್ರ ಉಳಿಯುತ್ತದೆ. ಎರಡೂ ಅನಿಲ ಅದೇ ಪ್ರಮಾಣದಲ್ಲಿ ಹರಿಯುತ್ತಿರಲಿ, ಹಾಗೇ ತಣಿಸಿ. ಫರ್ನೇಸ್ ಹಳಿಯ ಮೇಲೆ ಸರಿಯುವಂತಿದ್ದರೆ ಬಿಸಿ ವಲಯವನ್ನು ಪಕ್ಕಕ್ಕೆ ಸರಿಸಿ ಬೇಗ ತಣಿಸಬಹುದು.

ಇನ್ನೊಂದು ಸೋರಿಕೆ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಅನಿಲ ಎಲ್ಲ ಬಂದ್ ಮಾಡಿ, ಪಂಪ್ ಕವಾಟ ಮುಚ್ಚಿ, ಒತ್ತಡ ಏರುವುದನ್ನು ಗಮನಿಸಿ. ಟ್ಯೂಬ್ ಮತ್ತು ಪೈಪು ಸೇರಿ 3 ಲೀಟರ್ ಇದ್ದು, ನಿಮಿಷಕ್ಕೆ 1 ಮಿಲಿಟಾರ್ (ಟಾರ್ ಒತ್ತಡದ ಅಳತೆ) ಏರಿದರೆ ಅದು 0.003 ಟಾರ್-ಲೀಟರ್. 1 ಎಸ್‌ಸಿಸಿಎಂ ಅಂದರೆ ನಿಮಿಷಕ್ಕೆ 0.76 ಟಾರ್-ಲೀಟರ್, ಹಾಗಾಗಿ ಸೋರಿಕೆ ಸುಮಾರು 0.004 ಎಸ್‌ಸಿಸಿಎಂ ಗಾಳಿ. ಅದರಲ್ಲಿ ಆಮ್ಲಜನಕ 0.0008. ನಿಮ್ಮ 20 ಎಸ್‌ಸಿಸಿಎಂ ಜಲಜನಕಕ್ಕೆ ಹೋಲಿಸಿದರೆ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು). 99.999% ಶುದ್ಧ ಸಿಲಿಂಡರ್‌ನಲ್ಲಿ ಎಲ್ಲ ಕಲ್ಮಶ ಸೇರಿದರೂ 10 ಪಿಪಿಎಂ! ನಿಮಿಷಕ್ಕೆ 1 ಮಿಲಿಟಾರ್ ಸೋರುವ ಟ್ಯೂಬ್‌ಗೆ ದುಬಾರಿ ಅನಿಲ ತಂದು ಏನು ಉಪಯೋಗ?

ಕವಾಟ ಮುಚ್ಚಿದ ತಕ್ಷಣದ ಏರಿಕೆಯಲ್ಲಿ ಗೋಡೆಗೆ ಅಂಟಿದ ನೀರಾವಿಯ ಪಾಲೂ ಇರುತ್ತದೆ. ಅದು ಹೊತ್ತು ಕಳೆದಂತೆ ನಿಧಾನವಾಗುತ್ತದೆ. ನಿಜವಾದ ಸೋರಿಕೆ ಒಂದೇ ವೇಗದಲ್ಲಿ ಏರುತ್ತಲೇ ಹೋಗುತ್ತದೆ. ಹತ್ತು ನಿಮಿಷವಾದರೂ ನೋಡಿ. ಸಾಮಾನ್ಯವಾಗಿ ಅಪರಾಧಿ ಟ್ಯೂಬ್ ತುದಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ): ಬಿಸಿಗೆ ಗಟ್ಟಿಯಾಗಿರುತ್ತದೆ, ಇಲ್ಲವೇ ಕ್ವಾರ್ಟ್ಜ್ ಚೂರು ಅಂಟಿರುತ್ತದೆ.

ತಾಮ್ರಪರ್ಣ

ಶೂನ್ಯಒತ್ತಡ ಅವರು ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ಫರ್ನೇಸ್ ಫಲಕದ ಮೇಲಿನ 1000 ನಂಬಬೇಡಿ. ಥರ್ಮೋಕಪಲ್ (ತಾಪ ಅಳೆಯುವ ತಂತಿ) ಟ್ಯೂಬ್‌ನ ಹೊರಗೆ ಇರುತ್ತದೆ. ಒಂದು ಚೂರು ಬೆಳ್ಳಿ ತಂತಿ ಕ್ವಾರ್ಟ್ಜ್ ದೋಣಿಯಲ್ಲಿ ಇಟ್ಟು ನಿಧಾನವಾಗಿ ಏರಿಸಿ; ಅದು 961.8 °ಸೆ.ನಲ್ಲಿ ಕರಗುತ್ತದೆ. ಫಲಕ ಆಗ ಏನು ತೋರಿಸುತ್ತದೋ ಅದರಿಂದ ವ್ಯತ್ಯಾಸ ಸಿಕ್ಕಿತು. ತಾಮ್ರ ಕರಗುವುದು 1085ಕ್ಕೆ. ನಿಜವಾದ ತಾಪ 1030ರಿಂದ 1040 ಇದ್ದರೆ ಗುಣಮಟ್ಟ ಉತ್ತಮ, ಆದರೆ ಫಾಯಿಲ್ ಮೆತ್ತಗಾಗಿ ಕ್ವಾರ್ಟ್ಜ್‌ಗೆ ಅಂಟಿಕೊಳ್ಳಬಹುದು, ತಾಮ್ರದ ಆವಿಯೂ ಹೆಚ್ಚು. ಟ್ಯೂಬ್‌ನ ತಂಪು ತುದಿಯಲ್ಲಿ ಕೆಂಪು ಕನ್ನಡಿಯ ಹಾಗೆ ಕೂರುವುದು ಅದೇ ತಾಮ್ರ.

ಫಾಯಿಲ್ ತೊಳೆಯುವುದು ಆಸಿಟೋನ್, ಐಪಿಎಯಷ್ಟಕ್ಕೇ ನಿಲ್ಲಬಾರದು. ಕೆಲವು ಫಾಯಿಲ್‌ಗಳಿಗೆ ತುಕ್ಕು ತಡೆಯಲು ಕ್ರೋಮಿಯಂ ಲೇಪ ಹಾಕಿರುತ್ತಾರೆ. ಸಾವಯವ ದ್ರಾವಕಕ್ಕೆ ಅದು ಹೋಗುವುದಿಲ್ಲ. ಸುಮಾರು 5% ನೈಟ್ರಿಕ್ ಆಮ್ಲದಲ್ಲಿ ಅರ್ಧ ನಿಮಿಷ ಅದ್ದಿ, ಎರಡು ಮೂರು ಪಾತ್ರೆ ಡಿಅಯಾನೈಸ್ಡ್ ನೀರಲ್ಲಿ ತೊಳೆದು, ಸಾರಜನಕದಿಂದ ಒಣಗಿಸಿ. ಬರೀ ಆಕ್ಸೈಡ್ ತೆಗೆಯಲು ಅಸಿಟಿಕ್ ಆಮ್ಲವೂ ಸಾಕು. ಅನೀಲಿಂಗ್ ಮಾಡಿದ ಫಾಯಿಲ್ ಮೇಲೆ ಬಿಳಿ ಕಣಗಳು ಕಂಡರೆ ಅವು ಬಹುಪಾಲು ಟ್ಯೂಬ್‌ನಿಂದ ಬಂದ ಸಿಲಿಕಾ. ಅದಕ್ಕೆ ತೊಳೆಯುವುದು ಮದ್ದಲ್ಲ, ಹಳೆಯ ಟ್ಯೂಬ್ ಬದಲಿಸಬೇಕು.

ಆ ಒಂದೇ ದಿಕ್ಕಿನ ಸೀಳುಗಳಿವೆಯಲ್ಲ, ಅವು ಫಾಯಿಲ್ ರೋಲ್ ಮಾಡಿದ ಗೆರೆಗಳು. ತಾಮ್ರದ ಏರುತಗ್ಗಿನ ಅಚ್ಚು ಗ್ರಾಫೀನ್-ಪಿಎಂಎಂಎ ಪೊರೆಯಲ್ಲಿ ಉಳಿಯುತ್ತದೆ. ಚಪ್ಪಟೆ ವೇಫರ್ ಮೇಲೆ ಕೂರಿಸಿದಾಗ ತಗ್ಗಿದ್ದ ಕಡೆ ಅಂಟುವುದಿಲ್ಲ. ಆಸಿಟೋನ್ ಹಾಕಿದ ಕೂಡಲೇ ಹರಿಯುತ್ತದೆ. 85% ಫಾಸ್ಫಾರಿಕ್ ಆಮ್ಲದಲ್ಲಿ ಫಾಯಿಲನ್ನು ಧನಧ್ರುವ ಮಾಡಿ, ಇನ್ನೊಂದು ತಾಮ್ರದ ತಗಡನ್ನು ಋಣಧ್ರುವವಾಗಿಟ್ಟು, 1.5ರಿಂದ 2 ವೋಲ್ಟ್‌ನಲ್ಲಿ ಎಲೆಕ್ಟ್ರೋಪಾಲಿಶ್ ಮಾಡಿದರೆ ಗೆರೆಗಳು ಸವೆಯುತ್ತವೆ. ವೋಲ್ಟೇಜ್ ಏರಿಸುತ್ತ ಕರೆಂಟ್ ಏರದೆ ನಿಲ್ಲುವ ಜಾಗ ಹುಡುಕಿ. ಅದಕ್ಕಿಂತ ಮೇಲೆ ಹೋದರೆ ಗುಳ್ಳೆ ಎದ್ದು ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ.

ಪೊರೆಪಯಣ

ವರ್ಗಾವಣೆಯ ಭಾಗ ನಾನು ಹೇಳುತ್ತೇನೆ. ತೂತು-ಸೀಳುಗಳಲ್ಲಿ ಹೆಚ್ಚಿನ ಪಾಲು ಇಲ್ಲೇ ಹುಟ್ಟುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಫಾಯಿಲ್ ಮಡಚಿದ್ದರೆ ಮೊದಲೇ ಎರಡು ಗಾಜಿನ ಸ್ಲೈಡ್ ನಡುವೆ ಒತ್ತಿ ಚಪ್ಪಟೆ ಮಾಡಿ. ಅಂಚುಗಳನ್ನು ಸ್ಲೈಡ್‌ಗೆ ಟೇಪ್‌ನಿಂದ ಅಂಟಿಸಿ, ಇಲ್ಲದಿದ್ದರೆ ಸ್ಪಿನ್ನರ್‌ನ (ತಿರುಗಿಸಿ ಪಿಎಂಎಂಎ ತೆಳುವಾಗಿ ಹರಡುವ ಯಂತ್ರದ) ನಿರ್ವಾತ ಫಾಯಿಲನ್ನು ಗುಳಿ ಮಾಡುತ್ತದೆ, ಪಿಎಂಎಂಎ ಹಿಂಬದಿಗೂ ಹರಿಯುತ್ತದೆ. ಅನಿಸೋಲ್‌ನಲ್ಲಿ 4% ಪಿಎಂಎಂಎ, 3000 ಆರ್‌ಪಿಎಂ, 60 ಸೆಕೆಂಡ್. ಟೇಪ್ ಹಾಕಿದ್ದ ಅಂಚು ಕತ್ತರಿಸಿ ಎಸೆಯಿರಿ.

ಗ್ರಾಫೀನ್ ಫಾಯಿಲ್‌ನ ಎರಡೂ ಬದಿ ಬೆಳೆದಿರುತ್ತದೆ ಅನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ. ಹಿಂಬದಿಯದನ್ನು ತೆಗೆಯದಿದ್ದರೆ ತಾಮ್ರ ಕರಗಿದ ಮೇಲೆ ಆ ಚೂರುಗಳು ಮೇಲಿನ ಪೊರೆಯ ಅಡಿಗೆ ಅಂಟಿಕೊಂಡು ದ್ವಿಪದರ ತೇಪೆಗಳಂತೆ ತೋರುತ್ತವೆ. ಆಮ್ಲಜನಕ ಪ್ಲಾಸ್ಮಾ ಇದ್ದರೆ ಹಿಂಬದಿಗೆ ಅರ್ಧದಿಂದ ಒಂದು ನಿಮಿಷ. ಇಲ್ಲದಿದ್ದರೆ ಹತ್ತು ನಿಮಿಷ ಎಚಂಟ್ (ತಾಮ್ರ ಕರಗಿಸುವ ದ್ರಾವಣ) ಮೇಲೆ ತೇಲಿಸಿ, ಎತ್ತಿ, ಹಿಂಬದಿಗೆ ನೀರು ಚಿಮ್ಮಿಸಿ ತೊಳೆದು ಮತ್ತೆ ತೇಲಿಸಿ.

ಫೆರಿಕ್ ಕ್ಲೋರೈಡ್ ವೇಗವಾಗಿ ಕರಗಿಸುತ್ತದೆ, ಆದರೆ ಕಬ್ಬಿಣದ ಆಕ್ಸೈಡ್, ಹೈಡ್ರಾಕ್ಸೈಡ್ ಕಣಗಳನ್ನು ಬಿಟ್ಟು ಹೋಗುತ್ತದೆ. ಬಣ್ಣ ಗಾಢವಾದ್ದರಿಂದ ಪೊರೆ ಎಲ್ಲಿದೆ ಅನ್ನುವುದೂ ಕಾಣದು. ಅಮೋನಿಯಂ ಪರ್‌ಸಲ್ಫೇಟ್ ಬಳಸಿ: 0.1 ಮೋಲಾರ್, ಅಂದರೆ ಲೀಟರ್‌ಗೆ 22.8 ಗ್ರಾಂ. ಎಷ್ಟು ಬೇಕು? 25 ಮೈಕ್ರಾನ್ ಫಾಯಿಲ್‌ನ ಒಂದು ಚದರ ಸೆಂ.ಮೀ.ಯಲ್ಲಿ 22.4 ಮಿ.ಗ್ರಾಂ ತಾಮ್ರ, 0.35 ಮಿಲಿಮೋಲ್. ಒಂದು ಪರ್‌ಸಲ್ಫೇಟ್‌ಗೆ ಒಂದು ತಾಮ್ರ. ಹಾಗಾಗಿ ಚದರ ಸೆಂ.ಮೀ.ಗೆ 3.5 ಮಿ.ಲೀ. ಕನಿಷ್ಠ. 2×2 ಸೆಂ.ಮೀ. ತುಂಡಿಗೆ 14 ಮಿ.ಲೀ.ಯಲ್ಲಿ ಕೆಲಸ ಕೊನೆಗೊಳ್ಳುವುದೇ ಇಲ್ಲ, 100 ಮಿ.ಲೀ. ಇಡಿ. ಇನ್ನೂ ಗಾಢ ದ್ರಾವಣದ ಆಸೆ ಬೇಡ, ಪೊರೆಯ ಅಡಿಯಲ್ಲಿ ಗುಳ್ಳೆ ಸಿಕ್ಕಿಕೊಂಡು ದುಂಡನೆಯ ತೂತಾಗುತ್ತದೆ. ಹಳೆಯ ಡಬ್ಬಿಯ ಪರ್‌ಸಲ್ಫೇಟ್ ತೇವ ಹೀರಿ ಶಕ್ತಿ ಕಳೆದುಕೊಂಡಿರುತ್ತದೆ, ಅದನ್ನೂ ಗಮನಿಸಿ.

ತಾಮ್ರ ಕಣ್ಣಿಗೆ ಕಾಣದಂತಾದ ಮೇಲೂ ಒಂದು ಗಂಟೆ ಬಿಡಿ. ಶುದ್ಧ ನೀರಿಗೆ ಮೂರು ಸಲ ಬದಲಿಸಿ. ಲೋಹದ ಉಳಿಕೆ ಮುಖ್ಯ ಅನ್ನುವ ಕೆಲಸವಾದರೆ ನಡುವೆ ನೀರು, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲ 20:1:1 ಮಿಶ್ರಣದಲ್ಲಿ 15 ನಿಮಿಷ, ಕೋಣೆಯ ತಾಪದಲ್ಲೇ. ಬಿಸಿ ಮಾಡಿದರೆ ಪೆರಾಕ್ಸೈಡ್ ಗುಳ್ಳೆ ಪೊರೆ ಹರಿಯುತ್ತದೆ.

ವೇಫರ್‌ಗೆ ಮೊದಲೇ ಪ್ಲಾಸ್ಮಾ ಕೊಟ್ಟು ನೀರು ಹರಡುವ ಹಾಗೆ ಮಾಡಿರಿ. ಪೊರೆಯನ್ನು ಅಡಿಯಿಂದ ಎತ್ತಿ, ವೇಫರನ್ನು ಓರೆಯಾಗಿ ನಿಲ್ಲಿಸಿ, ನೀರು ಒಂದು ಬದಿಯಿಂದ ಇಳಿದುಹೋಗಲಿ. ಪೂರ್ತಿ ಒಣಗುವ ತನಕ ಬಿಸಿ ಮಾಡಬೇಡಿ, ಸಿಕ್ಕಿಬಿದ್ದ ನೀರು ಆವಿಯಾಗಿ ಪೊರೆ ಒಡೆಯುತ್ತದೆ. ಒಣಗಿದ ನಂತರ 130ರಿಂದ 150 °ಸೆ.ನಲ್ಲಿ ಕಾಲು ಗಂಟೆ. ಪಿಎಂಎಂಎ ಸುಮಾರು 105 °ಸೆ. ಮೇಲೆ ಮೆತ್ತಗಾಗುವುದರಿಂದ ಪೊರೆ ಕುಳಿತು ಅಂಟುತ್ತದೆ. ಸೀಳು ಇನ್ನೂ ಉಳಿದರೆ ಮೇಲೊಂದು ಹನಿ ಪಿಎಂಎಂಎ ಹಾಕಿ: ಗಟ್ಟಿಯಾದ ಹಳೆಯ ಪದರ ಭಾಗಶಃ ಕರಗಿ ಸಡಿಲಗೊಂಡು ಗ್ರಾಫೀನ್ ವೇಫರ್‌ಗೆ ಒರಗುತ್ತದೆ. ಆಮೇಲೆ ಆಸಿಟೋನ್ ಕೆಲವು ಗಂಟೆ, ಐಪಿಎ, ಮೆಲ್ಲಗೆ ಸಾರಜನಕ.

ಚದುರುಬೆಳಕು

ಈಗ ರಾಮನ್ ಅಂಕಿಗಳಿಗೆ ಬರೋಣ. "2ಡಿ/ಜಿ ಎರಡಕ್ಕಿಂತ ಹೆಚ್ಚಿದ್ದರೆ ಏಕಪದರ, ಕಡಿಮೆ ಇದ್ದರೆ ಅಲ್ಲ" ಅನ್ನುವ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ಅಷ್ಟು ಸುಲಭವಾಗಿ ಒಪ್ಪಬೇಡಿ. ಈ ಅನುಪಾತ ಪದರಗಳ ಸಂಖ್ಯೆಯ ಜೊತೆಗೆ ಡೋಪಿಂಗ್ (ಹೊರಗಿನ ವಸ್ತುವಿನಿಂದ ವಿದ್ಯುತ್ ವಾಹಕಗಳು ಹೆಚ್ಚುವುದು), ಲೇಸರ್ ಬಣ್ಣ, ಆಕ್ಸೈಡ್ ದಪ್ಪ ಎಲ್ಲದಕ್ಕೂ ಬಾಗುತ್ತದೆ. ಆಕ್ಸೈಡ್ ಒಳಗಿನ ಬೆಳಕಿನ ವ್ಯತಿಕರಣ ಜಿ ಮತ್ತು 2ಡಿಯನ್ನು ಬೇರೆ ಬೇರೆ ಮಟ್ಟಕ್ಕೆ ಹೆಚ್ಚಿಸುತ್ತದೆ, ಏಕೆಂದರೆ ಅವುಗಳ ತರಂಗಾಂತರ ಬೇರೆ. 90 ನ್ಯಾ.ಮೀ. ವೇಫರ್‌ನ ಅನುಪಾತವನ್ನು 300 ನ್ಯಾ.ಮೀ.ಯದಕ್ಕೆ ಹೋಲಿಸಿದರೆ ಅರ್ಥವಿಲ್ಲ.

ಪದರದ ಸಂಖ್ಯೆಗೆ ನೋಡಬೇಕಾದ್ದು 2ಡಿಯ ಆಕಾರ. ಏಕಪದರಕ್ಕೆ ಒಂದೇ ಲೊರೆಂಟ್ಜಿಯನ್ (ಎರಡೂ ಬದಿ ಸಮವಾದ ಒಂಟಿ ಪೀಕ್), ಅಗಲ 24ರಿಂದ 30 ಸೆಂ.ಮೀ.⁻¹. ಕ್ರಮವಾಗಿ ಜೋಡಿಸಿಕೊಂಡ ದ್ವಿಪದರಕ್ಕೆ ನಾಲ್ಕು ಘಟಕ, ಒಟ್ಟು ಅಗಲ 50ರ ಆಸುಪಾಸು. ನಿಮ್ಮ 38 ಎರಡರ ನಡುವೆ ಇದೆ. ಇದಕ್ಕೆ ಕಾರಣಗಳು ಹಲವು: ಲೇಸರ್ ಚುಕ್ಕೆಯೊಳಗೆ ಸುಕ್ಕುಗಳಿಂದ ಬದಲಾಗುವ ಹಿಗ್ಗು-ಕುಗ್ಗು, ಎರಡನೆಯ ಪದರದ ತೇಪೆ, ಅಥವಾ ಒಂದರ ಮೇಲೊಂದು ತಿರುಚಿ ಬಿದ್ದ ಎರಡು ಪದರ. ತಿರುಚಿದ ಪದರಗಳಲ್ಲೂ 2ಡಿ ಒಂದೇ ಲೊರೆಂಟ್ಜಿಯನ್ ಆಗಿರಬಹುದು! ಒಂದೇ ಪೀಕ್ ಎಂದು ಮಾತ್ರ ನೋಡಿ "ಏಕಪದರ" ಎಂದು ಬರೆದ ಎಷ್ಟೋ ವರದಿಗಳು ಇಲ್ಲೇ ಎಡವುತ್ತವೆ.

ಜಿ ಎಲ್ಲಿದೆ ಅನ್ನುವುದನ್ನು ನೀವು ಬರೆದೇ ಇಲ್ಲ. ಸಿಲಿಕಾನ್‌ನ 520.7ಕ್ಕೆ ಯಂತ್ರ ಹೊಂದಿಸಿ ಮತ್ತೆ ನೋಡಿ. ಡೋಪಿಂಗ್ ಇಲ್ಲದಾಗ ಜಿ 1582 ಹತ್ತಿರ, ಅಗಲ 14-16. ಡೋಪಿಂಗ್ ಆದರೆ ಜಿ ಮೇಲಕ್ಕೆ ಸರಿದು ಕಿರಿದಾಗುತ್ತದೆ, 2ಡಿ/ಜಿ ಇಳಿಯುತ್ತದೆ. ಫೆರಿಕ್ ಕ್ಲೋರೈಡ್ ಉಳಿಕೆ ಗ್ರಾಫೀನಿಗೆ ರಂಧ್ರ ಡೋಪಿಂಗ್ (ಇಲ್ಲಿ ರಂಧ್ರ ಅಂದರೆ ತೂತಲ್ಲ, ಧನ ವಾಹಕ) ಮಾಡುವುದರಲ್ಲಿ ನಿಸ್ಸೀಮ, ನಿಮ್ಮ 1.3ಕ್ಕೆ ಅದೊಂದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಕೆಲವು ನೂರು ಜಾಗಗಳ ಮ್ಯಾಪ್ ತೆಗೆದು, ಜಿ ಸ್ಥಾನ ಅಡ್ಡಲಾಗಿ, 2ಡಿ ಸ್ಥಾನ ಲಂಬವಾಗಿ ಚುಕ್ಕೆ ಹಾಕಿ. ಚುಕ್ಕೆಗಳು 2.2 ಇಳಿಜಾರಿನಲ್ಲಿ ಚಾಚಿದರೆ ಕಾರಣ ಹಿಗ್ಗು-ಕುಗ್ಗು, 0.7 ಇಳಿಜಾರಿನಲ್ಲಾದರೆ ರಂಧ್ರ ಡೋಪಿಂಗ್. ಈ ಒಂದು ನಕ್ಷೆ ಹತ್ತು ಬಿಡಿ ಸ್ಪೆಕ್ಟ್ರಂಗಿಂತ ಮೇಲು.

ಇನ್ನು ಡಿ. ದೋಷಗಳ ನಡುವಿನ ಸರಾಸರಿ ದೂರದ ವರ್ಗ ನ್ಯಾ.ಮೀ.ಗಳಲ್ಲಿ = 1.8×10⁻⁹ × ಲೇಸರ್ ತರಂಗಾಂತರದ 4ನೇ ಘಾತ ÷ (ಡಿ/ಜಿ). 532ಕ್ಕೆ ಮೇಲಿನ ಭಾಗ 144. 0.3 ಅಂದರೆ ದೂರದ ವರ್ಗ 480, ದೂರ 22 ನ್ಯಾ.ಮೀ. ಆದರೆ ಈ ಲೆಕ್ಕ ದೋಷಗಳು ಎಲ್ಲ ಕಡೆ ಬಿಂದುಗಳಾಗಿ ಹರಡಿವೆ ಎಂದು ಭಾವಿಸುತ್ತದೆ. ನಿಮ್ಮಲ್ಲಿ ಸೀಳುಗಳಿವೆ, ಸೀಳಿನ ಅಂಚೂ ಡಿ ಕೊಡುತ್ತದೆ. ಸೀಳಿನಿಂದ ಎರಡು ಮೂರು ಮೈಕ್ರಾನ್ ದೂರ ಸರಿದು ಅಳೆಯಿರಿ. ಅಲ್ಲಿ 0.05ಕ್ಕಿಂತ ಕೆಳಗೆ ಬಂದರೆ ಬೆಳವಣಿಗೆಯಲ್ಲಿ ತೊಂದರೆ ಇಲ್ಲ.

ಹಾಗೂ ಡಿ ಉಳಿದರೆ 1620ರ ಸುತ್ತ ಇರುವ ಡಿ-ಪ್ರೈಮ್ ಜೊತೆ ಹೋಲಿಸಿ. ಡಿ/ಡಿ-ಪ್ರೈಮ್ 13 ಹತ್ತಿರ ಇದ್ದರೆ ಎಸ್‌ಪಿ3 ಬಗೆಯ ದೋಷ (ಇಂಗಾಲಕ್ಕೆ ಹೊರಗಿನ ಪರಮಾಣು ಅಂಟಿದ್ದು), 7 ಇದ್ದರೆ ಪರಮಾಣು ಕಳೆದುಹೋದ ಖಾಲಿ ಜಾಗ, 3.5 ಇದ್ದರೆ ಕಣಗಳ ಗಡಿ. ಲೇಸರ್ ಶಕ್ತಿ ಮಾದರಿಯ ಮೇಲೆ 1 ಮಿಲಿವ್ಯಾಟ್ ಮೀರಬಾರದು. ಇಲ್ಲದಿದ್ದರೆ ಅಳೆಯುವಾಗಲೇ ಬಿಸಿಯಾಗಿ ಪೀಕ್ ಸರಿಯುತ್ತದೆ.

ಪೊರೆಪಯಣ

ಚದುರುಬೆಳಕು ಸರ್ ಹೇಳಿದ ಡಿ ಲೆಕ್ಕಕ್ಕೆ ಒಂದು ಎಚ್ಚರಿಕೆ. ಪಿಎಂಎಂಎ ಉಳಿಕೆ ತೆಗೆಯಲೆಂದು 300-350 °ಸೆ.ನಲ್ಲಿ ಆರ್ಗಾನ್-ಜಲಜನಕದಲ್ಲಿ ಅನೀಲಿಂಗ್ ಮಾಡುತ್ತಾರಲ್ಲ, ಆಗ ಉಳಿಕೆಯ ಒಂದು ಭಾಗ ಇಂಗಾಲವಾಗಿ ಗಟ್ಟಿಯಾಗಿ 1350 ಮತ್ತು 1600 ಸುತ್ತ ಅಗಲವಾದ ದಿಬ್ಬ ಕೊಡುತ್ತದೆ. ಅದರ ಮೇಲೆ ಕೂತ ಡಿಯನ್ನು ಗ್ರಾಫೀನ್ ದೋಷ ಎಂದು ಎಣಿಸಿದರೆ ತಪ್ಪು ಉತ್ತರ. ಗ್ರಾಫೀನಿನ ಡಿ ಕಿರಿದು. ದಿಬ್ಬವನ್ನು ಪ್ರತ್ಯೇಕವಾಗಿ ಫಿಟ್ ಮಾಡಿ ಕಳೆಯಬೇಕು. ಅನೀಲಿಂಗ್ ಆದ ಮಾದರಿ ಗಾಳಿಗೆ ಬಂದೊಡನೆ ಡೋಪಿಂಗ್ ಕೂಡ ಹೆಚ್ಚುತ್ತದೆ, ಏಕೆಂದರೆ ಅದು ಆಕ್ಸೈಡ್‌ಗೆ ಇನ್ನೂ ಒತ್ತಾಗಿ ಅಂಟಿರುತ್ತದೆ.

ಸೂಜಿಮೊನೆ

1.4 ನ್ಯಾ.ಮೀ. ನೋಡಿ ನಾಲ್ಕು ಪದರ ಎನ್ನಬೇಡಿ. ಗ್ರಾಫೈಟ್ ಪದರಗಳ ಅಂತರ 0.335 ನ್ಯಾ.ಮೀ. ನಿಜ, ಆದರೆ ಆಕ್ಸೈಡ್ ಮೇಲಿನ ಮೊದಲ ಪದರ 0.4ರಿಂದ 1 ನ್ಯಾ.ಮೀ. ವರೆಗೂ ತೋರುತ್ತದೆ. ಅಡಿಯಲ್ಲಿ ನೀರು, ಮೇಲೆ ಪಿಎಂಎಂಎ ಇದ್ದರೆ ಇನ್ನೂ ಹೆಚ್ಚು. ಮೊನೆ ಗ್ರಾಫೀನನ್ನೂ ಆಕ್ಸೈಡನ್ನೂ ಒಂದೇ ರೀತಿ ಎಳೆಯುವುದಿಲ್ಲ, ಟ್ಯಾಪಿಂಗ್ ಸೆಟ್‌ಪಾಯಿಂಟ್ (ಮೊನೆ ಎಷ್ಟು ಬಲವಾಗಿ ತಟ್ಟಬೇಕು ಅನ್ನುವ ಹೊಂದಿಕೆ) ಬದಲಿಸಿದರೆ ಎತ್ತರವೂ ಬದಲಾಗುತ್ತದೆ. ಪೊರೆ ಎಲ್ಲಾದರೂ ತನ್ನ ಮೇಲೆಯೇ ಮಡಚಿಕೊಂಡ ಜಾಗ ಹುಡುಕಿ, ಮಡಿಕೆಯ ಮೆಟ್ಟಿಲು ಅಳೆಯಿರಿ. ಅಲ್ಲಿ ಎರಡೂ ಕಡೆ ಗ್ರಾಫೀನೇ ಇರುವುದರಿಂದ ಈ ವ್ಯತ್ಯಾಸ ಇರುವುದಿಲ್ಲ.

ಸಿಪ್ಪೆಸುಲಿ

ಇಷ್ಟೆಲ್ಲ ಅನುಮಾನ ಬಂದಾಗ ಪಕ್ಕದಲ್ಲಿ ಒಂದು ನಿಶ್ಚಿತ ಏಕಪದರ ಇಟ್ಟುಕೊಳ್ಳುವುದು ಉತ್ತಮ. ಅದೇ ಬ್ಯಾಚ್‌ನ ವೇಫರ್ ಮೇಲೆ ಟೇಪ್‌ನಿಂದ ಗ್ರಾಫೈಟ್ ಸುಲಿಯಿರಿ, ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಮಾಡಿದ್ದೂ ಅದನ್ನೇ. ವೇಫರ್‌ಗೆ ಆಮ್ಲಜನಕ ಪ್ಲಾಸ್ಮಾ ಎರಡು ಮೂರು ನಿಮಿಷ. ತಡಮಾಡದೆ, ಗ್ರಾಫೈಟ್ ಹಚ್ಚಿದ ಟೇಪ್ ಒತ್ತಿ. ಟೇಪ್ ಸಮೇತ 100 °ಸೆ. ಹಾಟ್‌ಪ್ಲೇಟ್ ಮೇಲೆ ಎರಡು ನಿಮಿಷ. ಪೂರ್ತಿ ತಣಿದ ಮೇಲೆ ನಿಧಾನವಾಗಿ ಎಳೆಯಿರಿ. ಬಿಸಿಯಿದ್ದಾಗ ಎಳೆದರೆ ಅಂಟು ಉಳಿಯುತ್ತದೆ. ಟೇಪನ್ನು ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಮಡಚಿದರೆ ಚೂರುಗಳು ಪುಡಿಯಾಗುತ್ತವೆ.

ಹಸಿರು ಫಿಲ್ಟರ್ ಹಾಕಿದರೆ 300 ನ್ಯಾ.ಮೀ. ಆಕ್ಸೈಡ್ ಮೇಲೆ ಏಕಪದರ ಸುಮಾರು 10% ಕಪ್ಪಾಗಿ ಕಾಣುತ್ತದೆ, ಪ್ರತಿ ಪದರಕ್ಕೂ ಮೆಟ್ಟಿಲಿನಂತೆ ಏರುತ್ತದೆ. ಆಕ್ಸೈಡ್ ದಪ್ಪ 5% ಆಚೀಚೆ ಆದರೂ ಈ ವ್ಯತ್ಯಾಸ ಕುಗ್ಗಿಬಿಡುತ್ತದೆ, ಹಾಗಾಗಿ ವೇಫರ್ ಡಬ್ಬಿಯ ಮೇಲಿನ ಅಂಕಿಯ ಬದಲು ಎಲಿಪ್ಸೋಮೀಟರ್ (ಬೆಳಕಿನಿಂದ ದಪ್ಪ ಅಳೆಯುವ ಯಂತ್ರ) ಅಂಕಿ ನಂಬಿ. ಪದರ ಎಣಿಸಲು ನನ್ನ ಮಟ್ಟಿಗೆ ರಾಮನ್‌ಗಿಂತ ಇದೇ ವಾಸಿ.

ಚದುರುಬೆಳಕು

ಸುಲಿದ ಚೂರಿಗೆ ಒಪ್ಪುತ್ತೇನೆ. ಪಿಎಂಎಂಎ ಉಳಿಕೆ ಇರುವ ಸಿವಿಡಿ ಪೊರೆಗೆ ಒಪ್ಪುವುದಿಲ್ಲ, ಕೆಲವು ನ್ಯಾ.ಮೀ. ಉಳಿಕೆ ಇದ್ದರೂ ಬಣ್ಣದ ವ್ಯತ್ಯಾಸ ಕೆಡುತ್ತದೆ. ದೊಡ್ಡ ವಿಸ್ತೀರ್ಣದ ಸರಾಸರಿ ಬೇಕಿದ್ದರೆ ಗಾಜಿನ ಮೇಲೆ ವರ್ಗಾಯಿಸಿ 550 ನ್ಯಾ.ಮೀ.ಯಲ್ಲಿ ಬೆಳಕು ಹಾಯುವ ಪ್ರಮಾಣ ನೋಡಬಹುದು: ಒಂದು ಪದರ 2.3% ಹೀರುತ್ತದೆ, 97.7% ಉಳಿಯಬೇಕು. ತೂತು ಇದ್ದರೆ ಅಂಕಿ ಮೇಲೇರುತ್ತದೆ, ದ್ವಿಪದರ ತೇಪೆ ಇದ್ದರೆ ಇಳಿಯುತ್ತದೆ, ಎರಡೂ ಇದ್ದರೆ ಒಂದನ್ನೊಂದು ಮುಚ್ಚಿಹಾಕುತ್ತವೆ.

ಕಂದುದ್ರಾವಣ

ನಡುವೆ ಒಂದು ಪ್ರಶ್ನೆ. ಗ್ರಾಫೀನ್ ಆಕ್ಸೈಡನ್ನು (ಆಮ್ಲಜನಕ ಸೇರಿದ ಗ್ರಾಫೀನ್) ಆಸ್ಕಾರ್ಬಿಕ್ ಆಮ್ಲದಿಂದ ಅಪಕರ್ಷಿಸಿದರೆ (ಆ ಆಮ್ಲಜನಕ ತೆಗೆದರೆ) ಡಿ/ಜಿ 0.95ರಿಂದ 1.2ಕ್ಕೆ ಏರುತ್ತದೆ. ದೋಷ ಕಡಿಮೆಯಾಗಬೇಕಿತ್ತಲ್ಲವೇ?

ಚದುರುಬೆಳಕು

ಮೇಲಿನ ಸೂತ್ರ ದೋಷಗಳ ದೂರ 10 ನ್ಯಾ.ಮೀ.ಗಿಂತ ಹೆಚ್ಚಿದ್ದಾಗ ಮಾತ್ರ. ದೋಷ ಹೆಚ್ಚುತ್ತಾ ಹೋದಂತೆ ಡಿ/ಜಿ ಮೊದಲು ಏರಿ, ದೂರ 3-4 ನ್ಯಾ.ಮೀ. ಆದಾಗ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಗ್ರಾಫೀನ್ ಆಕ್ಸೈಡ್ ಇರುವುದು ಆ ತುದಿಯ ಆಚೆ ಬದಿಯಲ್ಲಿ. ಅಲ್ಲಿ ದೋಷ ಕಡಿಮೆಯಾದರೆ ಅನುಪಾತ ಏರಬೇಕು. ಆದ್ದರಿಂದ ಅಪಕರ್ಷಣೆಗೆ ಡಿ/ಜಿ ಒಳ್ಳೆಯ ಅಳತೆಗೋಲೇ ಅಲ್ಲ. ಪೀಕ್‌ಗಳ ಅಗಲ ಕಡಿಮೆಯಾಯಿತೇ ನೋಡಿ. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣದಿಂದ ಧಾತುಗಳ ಪ್ರಮಾಣ ನೋಡುವ ವಿಧಾನ) ಇಂಗಾಲ/ಆಮ್ಲಜನಕ ಅನುಪಾತ 2ರ ಹತ್ತಿರದಿಂದ ಎಷ್ಟಕ್ಕೆ ಏರಿತು, ಯುವಿ ಹೀರಿಕೆ 230 ನ್ಯಾ.ಮೀ.ಯಿಂದ 265-270ಕ್ಕೆ ಸರಿಯಿತೇ, ಎಕ್ಸ್‌ಆರ್‌ಡಿಯಲ್ಲಿ (ಪದರಗಳ ಅಂತರ ತೋರಿಸುವ ಎಕ್ಸ್-ಕಿರಣ ವಿವರ್ತನೆ) 10-11 ಡಿಗ್ರಿಯ ಪೀಕ್ ಹೋಗಿ 24-25ರಲ್ಲಿ ಅಗಲದ ಪೀಕ್ ಬಂತೇ, ಇವು ಹೆಚ್ಚು ಹೇಳುತ್ತವೆ.

ಶೂನ್ಯಒತ್ತಡ

@ಕಂದುದ್ರಾವಣ, ಆಕ್ಸೈಡನ್ನು ನೀವೇ ತಯಾರಿಸುತ್ತಿದ್ದರೆ ಒಂದು ಮಾತು. 9:1 ಗಂಧಕಾಮ್ಲ-ಫಾಸ್ಫಾರಿಕ್ ಆಮ್ಲದ ಕ್ರಮದಲ್ಲಿ 3 ಗ್ರಾಂ ಗ್ರಾಫೈಟ್‌ಗೆ 360 ಮತ್ತು 40 ಮಿ.ಲೀ. ಆಮ್ಲ, 18 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 50 °ಸೆ.ನಲ್ಲಿ 12 ಗಂಟೆ. ಇದರಲ್ಲಿ ಸೋಡಿಯಂ ನೈಟ್ರೇಟ್ ಇಲ್ಲದ್ದರಿಂದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಬರುವುದಿಲ್ಲ. ಆದರೆ ಪರ್ಮಾಂಗನೇಟ್ ಗಟ್ಟಿ ಗಂಧಕಾಮ್ಲಕ್ಕೆ ಸೇರಿದಾಗ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ 55 °ಸೆ. ಮೀರಿದರೆ ಸ್ಫೋಟಿಸಬಲ್ಲದು, ಸಾವಯವ ದ್ರಾವಕ ತಾಗಿದರೆ ಕೋಣೆಯ ತಾಪದಲ್ಲೂ. ಆಸಿಟೋನ್‌ನಲ್ಲಿ ತೊಳೆದ ಪಾತ್ರೆ ತೇವವಿದ್ದಾಗ ಬಳಸಬೇಡಿ. ಥರ್ಮಾಮೀಟರ್ ಹೊರಗಿನ ನೀರಲ್ಲಲ್ಲ, ಮಿಶ್ರಣದ ಒಳಗಿರಲಿ.

ತೊಳೆಯುವಾಗ ಮೊದಲು 10% ಹೈಡ್ರೋಕ್ಲೋರಿಕ್ ಆಮ್ಲ, ಆಮೇಲೆ ನೀರು. ನೇರ ನೀರಿಗೆ ಹಾಕಿದರೆ ಲೋಹದ ಅಯಾನು ಇರುವಾಗಲೇ ಜೆಲ್ ಆಗಿ ಕೂರುತ್ತದೆ, ಆಮೇಲೆ ಸೆಂಟ್ರಿಫ್ಯೂಜ್ ಕೂಡ ಸೋಲುತ್ತದೆ. ಪೊಟ್ಯಾಸಿಯಂ ಉಳಿದ ಒಣ ಆಕ್ಸೈಡ್ ಬಿಸಿಗೆ ಭಗ್ಗೆಂದು ಉರಿಯುವಂಥದ್ದು. ರಾಶಿಯಾಗಿ ಒಲೆಯಲ್ಲಿ ಒಣಗಿಸಬೇಡಿ, ತೆಳುವಾಗಿ ಹರಡಿ 50 °ಸೆ. ಒಳಗೆ.

ನಿರ್ವಾಹಕ

ಗ್ರಾಫೀನ್ ಆಕ್ಸೈಡ್‌ನ ಮುಂದಿನ ಪ್ರಶ್ನೆಗಳಿಗೆ ಬೇರೆ ಎಳೆ ತೆರೆಯಿರಿ.

ಬಿಸಿನಳಿಗೆ

ಎಲ್ಲರಿಗೂ ಧನ್ಯವಾದ. ಸೋರಿಕೆ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಮಿಲಿಟಾರ್, ವೇಗ ಇಳಿಯುತ್ತಿಲ್ಲ. ಫಾಯಿಲ್ ಕಾಯಿಸಿದಾಗ ಕೆಂಪು ಚುಕ್ಕೆಗಳು ಎಲ್ಲ ಕಡೆ ಬಂದವು, ಸೀಳಿನಂಥ ಗೆರೆ ಮಾತ್ರ ಇಲ್ಲ. ಜಿ ಪೀಕ್ 1592ರಲ್ಲಿ, ಅಗಲ 9. ಯಾವುದನ್ನು ಮೊದಲು ಬದಲಿಸಲಿ? ಹಾಲ್ ಅಳತೆಯೂ (ಕಾಂತಕ್ಷೇತ್ರದಲ್ಲಿ ವಿದ್ಯುತ್ ವಾಹಕಗಳ ಸಾಂದ್ರತೆ ತಿಳಿಯುವುದು) ಬೇಕಾಗಿದೆ.

ಶೂನ್ಯಒತ್ತಡ

ನಿಮ್ಮ ಅಂಕಿಗಳೇ ಭಾಗ ಹಂಚಿಕೊಟ್ಟಿವೆ. ಚುಕ್ಕೆ ತೂತುಗಳು ಫರ್ನೇಸಿನವು, ಸೀಳು ವರ್ಗಾವಣೆಯದು, 1592 ಮತ್ತು 9 ಡೋಪಿಂಗ್. 12 ಮಿಲಿಟಾರ್ ಅಂದರೆ 3 ಲೀಟರ್ ಲೆಕ್ಕದಲ್ಲಿ 0.05 ಎಸ್‌ಸಿಸಿಎಂ ಗಾಳಿ, ಜಲಜನಕದ ಎದುರು ಆಮ್ಲಜನಕ 500 ಪಿಪಿಎಂ. ಅದನ್ನು ಸರಿಪಡಿಸುವ ತನಕ ಮೀಥೇನ್, ಒತ್ತಡ, ಸಮಯ ಯಾವುದನ್ನೂ ಮುಟ್ಟಬೇಡಿ. ಓ-ರಿಂಗ್ ಬದಲಿಸಿ, ನಂತರ ಮೀಥೇನ್ ಇಟ್ಟೇ ತಣಿಸಿ, ಫಾಯಿಲ್ ಕಾಯಿಸಿ ನೋಡಿ. ಚುಕ್ಕೆ ಹೋದ ಮೇಲೆ ಎಚಂಟ್ ಬದಲಿಸಿ.

ಸೂಜಿಮೊನೆ

ವಿದ್ಯುತ್ ಅಳತೆಗೆ: ಶೀಟ್ ನಿರೋಧ ಒಂದನ್ನೇ ನೋಡಿ ಖುಷಿಪಡಬೇಡಿ. 600 ಓಂ ಇದ್ದು ವಾಹಕ ಸಾಂದ್ರತೆ ಚದರ ಸೆಂ.ಮೀ.ಗೆ 7×10¹² ಆಗಿದ್ದರೆ ಮೊಬಿಲಿಟಿ (ವಾಹಕಗಳು ಎಷ್ಟು ಸಲೀಸಾಗಿ ಚಲಿಸುತ್ತವೆ ಅನ್ನುವ ಅಳತೆ) ಸುಮಾರು 1500. ಅದೇ 600 ಓಂ 1×10¹²ರಲ್ಲಿ ಬಂದರೆ 10,000ಕ್ಕೂ ಮೇಲೆ. ಡೋಪಿಂಗ್ ಜಾಸ್ತಿಯಾದರೆ ಕೆಟ್ಟ ಗ್ರಾಫೀನೂ ಚೆನ್ನಾಗಿ ವಹಿಸುತ್ತದೆ. 300 ನ್ಯಾ.ಮೀ. ಆಕ್ಸೈಡ್ ಬ್ಯಾಕ್‌ಗೇಟ್‌ನಲ್ಲಿ (ಅಡಿಯ ಸಿಲಿಕಾನಿಗೆ ವೋಲ್ಟೇಜ್ ಕೊಟ್ಟು ವಾಹಕ ಹೆಚ್ಚು-ಕಡಿಮೆ ಮಾಡುವುದು) ಪ್ರತಿ ವೋಲ್ಟ್‌ಗೆ 7.2×10¹⁰ ವಾಹಕಗಳು. ಡಿರಾಕ್ ಬಿಂದು (ವಾಹಕಗಳು ಅತಿ ಕಡಿಮೆಯಾಗುವ ಗೇಟ್ ವೋಲ್ಟೇಜ್) +40 ವೋಲ್ಟ್‌ನಲ್ಲಿ ಇದ್ದರೆ ರಂಧ್ರಗಳು 2.9×10¹². ನಿಮ್ಮ ಈಗಿನ ಜಿ ಸ್ಥಾನ ನೋಡಿದರೆ ಡಿರಾಕ್ ಬಿಂದು ಗೇಟ್ ವ್ಯಾಪ್ತಿಯ ಹೊರಗೇ ಇರಬಹುದು, ಈ ಮಾದರಿಯ ಮೇಲೆ ಸಾಧನ ಕಟ್ಟುವುದು ವ್ಯರ್ಥ. ಗೇಟನ್ನು ಎರಡೂ ದಿಕ್ಕಿಗೆ ಓಡಿಸಿ. ಬಿಂದು ಹೋಗುವಾಗ ಒಂದೆಡೆ, ಬರುವಾಗ ಇನ್ನೊಂದೆಡೆ ಸಿಕ್ಕರೆ ನೀರು ಹೀರಿದೆ ಎಂದರ್ಥ. ನಿರ್ವಾತದಲ್ಲಿ ಕೆಲವು ಗಂಟೆ ಇಟ್ಟು ಮತ್ತೆ ಅಳೆಯಬೇಕು.

ತಾಮ್ರಪರ್ಣ

ಓ-ರಿಂಗ್ ಬದಲಿಸುವ ಮುನ್ನ ಒಂದು ವಿಷಯ. ಜಲಜನಕ ಗಾಳಿಯಲ್ಲಿ 4%, ಮೀಥೇನ್ 5% ದಾಟಿದರೆ ಹೊತ್ತಿಕೊಳ್ಳಬಲ್ಲವು. ಒಳಗೆ ಸೋರುವ ಟ್ಯೂಬ್ ಪಂಪ್ ನಿಂತರೆ ಹೊರಗೂ ಸೋರುತ್ತದೆ. ಹೊಸ ರಿಂಗ್ ಹಾಕಿದ ಮೇಲೆ ಆರ್ಗಾನ್‌ನಲ್ಲೇ ಬಿಸಿ-ತಣ್ಣನೆಯ ಒಂದು ಪೂರ್ಣ ಸುತ್ತು ಓಡಿಸಿ, ಬಿಸಿಯಿದ್ದಾಗಲೂ ಏರಿಕೆ ಅಳೆಯಿರಿ. ತಣ್ಣಗಿದ್ದಾಗ ಸರಿಯಿದ್ದ ರಿಂಗ್ 1000 °ಸೆ.ನಲ್ಲಿ ತುದಿಯ ಫ್ಲ್ಯಾಂಜ್ (ಟ್ಯೂಬ್ ಮುಚ್ಚುವ ಲೋಹದ ಜೋಡಣೆ) ಬಿಸಿಯಾದಾಗ ಸಡಿಲವಾಗುವುದುಂಟು. ಫ್ಲ್ಯಾಂಜ್‌ಗೆ ನೀರಿನ ತಂಪು ಇಲ್ಲದಿದ್ದರೆ ಟ್ಯೂಬ್ ಒಳಗೆ ಎರಡೂ ತುದಿಗೆ ಸೆರಾಮಿಕ್ ಪ್ಲಗ್ ಇಡಿ. ಪಂಪ್‌ನ ಹೊರಹರಿವಿನ ಪೈಪು ಫ್ಯೂಮ್‌ಹುಡ್‌ಗೆ ಹೋಗಲಿ, ಕೋಣೆಗಲ್ಲ.